ಕುಬಸದ ತನಕ ಕಾಯಬೇಡಿ

ಬೆಳಗಾವಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಾಗಿನ ಮಾತು. ಕೊಯ್ಯಲು ತಂದ ಬಿಳಿ ಇಲಿ ಗಬ್ಬಾಗಿತ್ತು. ಹೊಟ್ಟೆ ತೆರೆದರೆ ಗರ್ಭಕೋಶದ ಎರಡೂ ಕವಲುಗಳಲ್ಲಿ ಮಣಿ ಪೋಣಿಸಿದಂತೆ ಗಂಟುಗಳು. ಒಂದೊಂದರಲ್ಲೂ ಮರಿ, ಅದಕ್ಕಂಟಿ ಕೆಂಪು ಬಿಲ್ಲೆಯಂಥ ಮಾಸು. ಖಾನಾಪುರದ ಕಡೆಯ ಹುಡುಗಿ ಮೂಗು ಮುಚ್ಚಿಕೊಂಡೇ ಕೇಳಿದಳು: "ಇಲಿ ಮಾಸು ನೋಡಿ ನಮಗೇನ್ ಆಗೂದೈತ್ರಿ ಮೇಡಂ?" ಅವಳದು ಮರಾಠಿ ಮನೆ. ಮಾಸಿಗೆ ಅಲ್ಲಿ 'ವಾರ' ಅನ್ನುತ್ತಾರೆ. ನಮ್ಮ ವಾರಕ್ಕೆ ಏಳೇ ದಿನ. ಆದರೆ ಅವರ ವಾರ ರೂಪುಗೊಳ್ಳುವುದೂ ನಮ್ಮ ವಾರಗಳ ಲೆಕ್ಕದಲ್ಲೇ.

ಇಲಿಯಲ್ಲಿ ಎಲ್ಲವೂ ಸುಮಾರು ಮೂರು ವಾರದಲ್ಲಿ. ಭ್ರೂಣ ಗರ್ಭಕೋಶಕ್ಕೆ ಅಂಟುತ್ತಲೇ ಅದರ ಹೊರಪದರದ ಕೋಶಗಳು ಕೆಲಸ ಹಂಚಿಕೊಳ್ಳುತ್ತವೆ. ಒಳಗಿನ ಕೋಶಗುಚ್ಛಕ್ಕೆ ತಾಗಿದವು ಒಡೆದೊಡೆದು ಹೆಚ್ಚುತ್ತವೆ. ದೂರದವು ಒಡೆಯುವುದನ್ನೇ ಬಿಟ್ಟು, ಡಿಎನ್‌ಎಯನ್ನಷ್ಟೇ ಮತ್ತೆ ಮತ್ತೆ ನಕಲು ಮಾಡಿಕೊಂಡು ದೈತ್ಯಕೋಶಗಳಾಗಿ, ಗರ್ಭಕೋಶದ ಗೋಡೆ ಕೊರೆದು ತಾಯಿಯ ರಕ್ತಕ್ಕೆ ದಾರಿ ಬಿಡಿಸುತ್ತವೆ. ಮನುಷ್ಯರಲ್ಲಿ ರೀತಿ ಬೇರೆ, ಕೆಲಸ ಅದೇ. ಮಾಸಿನ ಕೋಶಗಳು ತಾಯಿಯ ರಕ್ತನಾಳ ಅಗಲಿಸುವ ಕೆಲಸ ಅರೆಬರೆಯಾದರೆ ಏಳೆಂಟು ತಿಂಗಳಿಗೆ ಬಿ.ಪಿ. ಏರಬಹುದು, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು.

ಆ ಹುಡುಗಿಗೆ ಸರಿಯಾದ ಉತ್ತರ ಸಿಕ್ಕಿದ್ದು 2020ರಲ್ಲಿ, 'ಲ್ಯಾನ್ಸೆಟ್' ಪತ್ರಿಕೆಯಲ್ಲಿ. ನಮ್ಮ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜೂ ಸೇರಿದ್ದ ಆರು ದೇಶಗಳ ಅಧ್ಯಯನ ಅದು. ಮಾಸಿನ ಈ ಕೆಲಸಕ್ಕೆ ನೆರವಾದೀತೆಂಬ ಎಣಿಕೆಯಲ್ಲಿ 11,976 ಚೊಚ್ಚಲ ಬಸುರಿಯರಲ್ಲಿ ಅರ್ಧದಷ್ಟು ಜನಕ್ಕೆ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಹುಸಿ ಮಾತ್ರೆ. ಅವಧಿಗೆ ಮುಂಚಿನ ಹೆರಿಗೆ ಹುಸಿ ಮಾತ್ರೆಯವರಲ್ಲಿ ಶೇ. 13.1, ಆಸ್ಪಿರಿನ್ ನುಂಗಿದವರಲ್ಲಿ ಶೇ. 11.6. (ಇದನ್ನೋದಿ ಮೆಡಿಕಲ್ ಶಾಪಿಗೆ ಓಡಬೇಡಿ, ಡಾಕ್ಟರು ಹೇಳಲಿ.) ಮಾತ್ರೆ ಶುರುವಾದದ್ದು ಬಸುರಿನ 6 ವಾರದಿಂದ 14 ವಾರದೊಳಗೆ.

ನನ್ನ ತಕರಾರು ಇರುವುದು ಈ 14 ವಾರದ ಬಗ್ಗೆಯೇ. ಕಣ್ಣು ತಾಗೀತೆಂದು ನಾವು ಮೂರು ತಿಂಗಳು ಬಾಯಿ ಬಿಡುವುದಿಲ್ಲ, ಐದಕ್ಕೆ ಕುಬಸ. ಅಷ್ಟರಲ್ಲಿ ಮಾಸಿನ ಬುನಾದಿ ಬಿದ್ದಾಗಿರುತ್ತದೆ. ಖಾನಾಪುರದ ಕಾಡಿನ ಹಳ್ಳಿಗಳಲ್ಲಂತೂ ಜೂನಿನಲ್ಲಿ ಮುಟ್ಟು ನಿಂತವಳಿಗೆ ಹಳ್ಳದ ನೀರು ಇಳಿಯುವ ಹೊತ್ತಿಗೆ ನಾಲ್ಕು ತುಂಬುತ್ತಿರುತ್ತದೆ. ತಡವಾಗಿ ಬಂದಳೆಂದು ಅವಳನ್ನೇ ಗದರಿಸುವುದು ಯಾವ ನ್ಯಾಯ? ಬಸುರಿನ ತಪಾಸಣೆ ಕಿಟ್ಟುಗಳನ್ನು ಮಳೆಗೆ ಮುಂಚೆಯೇ ಆ ಊರುಗಳ ಅಂಗನವಾಡಿಗೆ ತಲುಪಿಸಿಡಬೇಕು. ಹೆಸರು ಬರೆಸಿ ತಾಯಿ ಕಾರ್ಡು ಮಾಡಿಸಲು ಅವಳು ಹೊಳೆ ದಾಟಿ ಬರಬೇಕೆಂಬ ಹಟ ಬೇಡ.

ಮೊನ್ನೆ ಅದೇ ಹುಡುಗಿ ಸೊಸೆಯ ಕುಬಸಕ್ಕೆ ಕರೆಯಲು ಬಂದಿದ್ದಳು. ತಾಯಿ ಕಾರ್ಡು ಮಾಡಿಸಿದಿರಾ ಎಂದೆ.

"ಕುಬಸ ಆಗ್ಲಿ ತಡೀರಿ ಮೇಡಂ," ಅಂದಳು.