ಸೋನಂ ಪೋಸ್ಟ್ ಮುಚ್ಚಿರೆನ್ನಲು ಬೆಟದೂರಿನ ಹೆಸರು ಬೇಡ

ಸಿಯಾಚಿನ್ ಹಿಮನದಿಯ ಸೇನಾ ಪೋಸ್ಟ್‌ಗಳನ್ನು ಮುಚ್ಚಿ ಸೈನಿಕರನ್ನು ಕೆಳಗಿಳಿಸಬೇಕು ಎಂಬ ವಾದ 2016ರಿಂದೀಚೆಗೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹೆಸರು ಹಿಡಿದುಕೊಂಡೇ ಬರುತ್ತಿದೆ. ಆ ಊರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಸಾವೇ ಆ ನೆಲೆ ದಂಡ ಎನ್ನುವುದಕ್ಕೆ ಸಾಕ್ಷಿಯಂತೆ. ಸತ್ತವರನ್ನು ಸಾಕ್ಷಿಗೆ ಕರೆಯುವುದು ಸುಲಭ, ಅವರು ತಿರುಗಿ ಮಾತಾಡುವುದಿಲ್ಲ. ಬದುಕಿದ್ದಾಗ ಆ ಮನುಷ್ಯ ಮಾಡಿದ್ದೇನು ಎಂಬುದನ್ನು ಈ ವಾದ ಮಾಡುವವರು ಒಂದು ಸಾಲಿನಲ್ಲೂ ಹೇಳುವುದಿಲ್ಲ.

ಕೊಪ್ಪದ ಅವರು 2002ರ ಅಕ್ಟೋಬರಿನಲ್ಲಿ ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ ಸೇರಿದರು. 13 ವರ್ಷದ ಸೇವೆಯಲ್ಲಿ 10 ವರ್ಷ ಕಳೆದದ್ದು ಕಠಿಣ ಜಾಗಗಳಲ್ಲೇ: ಜಮ್ಮು-ಕಾಶ್ಮೀರದ ಮಾಹೋರ್, ಆಮೇಲೆ ರಾಷ್ಟ್ರೀಯ ರೈಫಲ್ಸ್, ಅದಾದ ಮೇಲೆ ಈಶಾನ್ಯದ ಬಂಡುಕೋರರ ಸೀಮೆ. 2015ರ ಆಗಸ್ಟಿನಿಂದ ಸಿಯಾಚಿನ್. 2016ರ ಫೆಬ್ರುವರಿ 3ರಂದು, 19 ಸಾವಿರ ಅಡಿಗೂ ಎತ್ತರದ ಸೋನಂ ಪೋಸ್ಟಿನ ಮೇಲೆ ಹಿಮದ ಗೋಡೆಯೇ ಕುಸಿದು 10 ಮಂದಿ ಹೂತುಹೋದರು. ಹಾಸನದ ತೇಜೂರು ಮತ್ತು ಎಚ್.ಡಿ. ಕೋಟೆ ಕಡೆಯ ಇಬ್ಬರು ಕನ್ನಡಿಗರೂ ಅವರಲ್ಲಿದ್ದರು. ಕಾಂಕ್ರೀಟಿನಷ್ಟು ಗಟ್ಟಿಯಾದ ನೀಲಿ ಮಂಜುಗಡ್ಡೆಯನ್ನು ಗರಗಸ, ಡ್ರಿಲ್‌ಗಳಿಂದ ಕೊರೆಯುತ್ತಾ ಹೋದ ಸೈನಿಕರಿಗೆ ಡಾಟ್, ಮಿಶಾ ಎಂಬ ಸೇನೆಯ ನಾಯಿಗಳು ಜಾಗ ತೋರಿಸಿಕೊಟ್ಟವು. ಆರನೇ ದಿನ ಕೊಪ್ಪದ ಅವರು ಜೀವಂತ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದಾಗ ಅವರಿಗೆ 33 ವರ್ಷ. ಹುಬ್ಬಳ್ಳಿಯ ನೆಹರೂ ಮೈದಾನಕ್ಕೆ ಮರುದಿನ ಸೇರಿದ ಜನ ಪೋಸ್ಟ್ ಮುಚ್ಚಿ ಎಂದು ಕೇಳಲು ಬಂದವರಲ್ಲ, ಮಗನನ್ನು ಕಳಿಸಿಕೊಡಲು ಬಂದವರು.

ಆ ಎತ್ತರದಲ್ಲಿ ಪೋಸ್ಟ್ ಏಕೆ ಬೇಕಾಯಿತು ಎಂಬುದಕ್ಕೆ ಕಾರಣ ನಕ್ಷೆಯಲ್ಲಿದೆ. 1949ರ ಕರಾಚಿ ಒಪ್ಪಂದದ ಗೆರೆ ಮುಂದೆ ಎನ್‌ಜೆ 9842 ಎಂಬ ಬಿಂದುವಿಗೆ ಬಂದು ನಿಂತಿತು. ಅಲ್ಲಿಂದಾಚೆಗೆ ‘ಉತ್ತರಕ್ಕೆ ಹಿಮನದಿಗಳವರೆಗೆ’ ಎಂದಷ್ಟೇ ಬರೆದು ಬಿಟ್ಟಿದ್ದರು. ಆ ಅಸ್ಪಷ್ಟತೆಯ ಲಾಭ ಪಾಕಿಸ್ತಾನಕ್ಕೆ ಸಿಗುವ ಮೊದಲೇ, 1984ರ ಏಪ್ರಿಲ್ 13ರಂದು, ಭಾರತ ‘ಆಪರೇಷನ್ ಮೇಘದೂತ’ದ ಮೂಲಕ ಸಿಯಾಚಿನ್ ಪಕ್ಕದ ಸಾಲ್ತೊರೊ ದಿಣ್ಣೆ ಹಿಡಿಯಿತು. ಅಂದಿನಿಂದ 2015ರವರೆಗೆ ಅಲ್ಲಿ 869 ಸೈನಿಕರು ತೀರಿಕೊಂಡಿದ್ದಾರೆ ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಈ ಸಂಖ್ಯೆ ಎದೆ ಹಿಂಡುವಂಥದ್ದೇ. ಆದರೆ ಬಿಟ್ಟುಕೊಟ್ಟ ಜಾಗಕ್ಕೂ ಲೆಕ್ಕವಿದೆ. 1965ರ ಯುದ್ಧದಲ್ಲಿ ಗೆದ್ದ ಹಾಜಿ ಪೀರ್ ಕಣಿವೆ ಮರುವರ್ಷ ತಾಷ್ಕೆಂಟ್ ಒಪ್ಪಂದದಂತೆ ವಾಪಸು ಹೋಯಿತು. ಕಾರ್ಗಿಲ್, ದ್ರಾಸ್ ಭಾಗದ ಎತ್ತರದ ಪೋಸ್ಟ್‌ಗಳನ್ನು ಚಳಿಗಾಲಕ್ಕೆ ಖಾಲಿ ಮಾಡಿ ಬೇಸಿಗೆಗೆ ಮರಳುವ ರೂಢಿಯಿತ್ತು; 1999ರಲ್ಲಿ ಮರಳುವಷ್ಟರಲ್ಲಿ ಅಲ್ಲಿ ಪಾಕಿಸ್ತಾನದ ಸೈನಿಕರು ಬಂದೂಕು ಹಿಡಿದು ಕುಳಿತಿದ್ದರು. ಆ ಬೆಟ್ಟಗಳನ್ನು ಮತ್ತೆ ಹತ್ತಲು 527 ಯೋಧರ ಪ್ರಾಣ ಹೋಯಿತು.

ಈ ಲೆಕ್ಕ ಗೊತ್ತಿರುವುದು ಮೇಲೆ ನಿಂತು ಬಂದವರಿಗೆ, ಅವರನ್ನೇ ಯಾರೂ ಕೇಳುವುದಿಲ್ಲ. ಈ ಪ್ರಕರಣದಲ್ಲಿ ಹೆಚ್ಚು ನೋಯಿಸುವ ಸಂಗತಿ ಇದು. ಎರೆಹೊಲದ ಬಿಸಿಲಲ್ಲಿ ಬೆಳೆದ ಹುಡುಗ ಸಿಯಾಚಿನ್‌ನಲ್ಲಿ ಜೊತೆಗಾರರೊಡನೆ ಹಗ್ಗ ಬಿಗಿದುಕೊಂಡು ಹಿಮದ ಬಿರುಕು ದಾಟುತ್ತಾನೆ. ಕಿತ್ತಳೆ ಹಣ್ಣು ಕಲ್ಲಾಗಿರುತ್ತದೆ. ಸೀಮೆಎಣ್ಣೆ ಒಲೆಯ ಮಸಿ ಎದೆಗಿಳಿದು ಉಗುಳು ಕಪ್ಪಾಗುತ್ತದೆ. ಕೈಗವಸು ತೆಗೆದು ಲೋಹ ಮುಟ್ಟಿದರೆ ಬೆರಳಿನ ಚರ್ಮ ಅದಕ್ಕೇ ಅಂಟಿಕೊಳ್ಳುತ್ತದೆ. ಇದನ್ನೆಲ್ಲ ಕಂಡುಂಡು ನಿವೃತ್ತರಾಗಿ ಬಂದವರು ನವಲಗುಂದ, ಅಣ್ಣಿಗೇರಿ, ಕಲಘಟಗಿಯ ಹಳ್ಳಿಗಳಲ್ಲಿ ಹೊಲ ನೋಡಿಕೊಂಡಿದ್ದಾರೆ, ಬ್ಯಾಂಕಿನ ಬಾಗಿಲಲ್ಲಿ ಕಾವಲಿಗೆ ನಿಂತಿದ್ದಾರೆ. ಜುಲೈ 26ರ ಕಾರ್ಗಿಲ್ ವಿಜಯ ದಿವಸ ಬಂದಾಗ ಅವರ ನೆನಪಾಗುತ್ತದೆ. ಧಾರವಾಡದ ಕಾರ್ಗಿಲ್ ಸ್ತೂಪಕ್ಕೆ ಹೂ ಬೀಳುತ್ತದೆ, ಹೆಗಲಿಗೆ ಶಾಲು ಬೀಳುತ್ತದೆ, ಭಾಷಣವನ್ನು ಮಾತ್ರ ಬೇರೆಯವರು ಮಾಡುತ್ತಾರೆ. ಪಿಂಚಣಿಯ ಒಂದು ಕಾಗದಕ್ಕೆ, ಒಂದು ಪಟ್ಟಿ ಗುಳಿಗೆಗೆ ಹಳ್ಳಿಯ ಮುದುಕ ಬಸ್ ಹಿಡಿದು ದಿನವಿಡೀ ಅಲೆಯುವುದನ್ನು ಆ ವೇದಿಕೆಯಲ್ಲಿ ಯಾರೂ ಎತ್ತುವುದಿಲ್ಲ. ಇಂಥವರ ಯುದ್ಧದ ಅನುಭವ ಅವರದೇ ಮಾತಿನಲ್ಲಿ ಓದಲು ಬೇಕೆಂದರೆ ತಾಲ್ಲೂಕಿನ ಗ್ರಂಥಾಲಯದಲ್ಲಿ ಸಿಗುವುದು ದುರ್ಲಭ.

ಪೋಸ್ಟ್ ಮುಚ್ಚುವ ಮಾತೇ ಕೂಡದೆಂದು ಸೇನೆಯೂ ಹೇಳಿಲ್ಲ. ಎರಡೂ ಕಡೆಯ ಸೈನಿಕರು ಈಗ ನಿಂತಿರುವ ಗೆರೆಯನ್ನು ಪಾಕಿಸ್ತಾನ ಮೊದಲು ಒಪ್ಪಿಕೊಳ್ಳಲಿ, ಆಮೇಲೆ ಸೇನೆ ಹಿಂತೆಗೆಯುವ ಮಾತಾಡಬಹುದು ಎಂದು 2022ರ ಜನವರಿಯಲ್ಲಿ ಆಗಿನ ಭೂಸೇನಾ ಮುಖ್ಯಸ್ಥ ಎಂ.ಎಂ. ನರವಣೆ ಅವರೇ ಹೇಳಿದ್ದರು. ಗೆರೆಗೆ ಸಹಿ ಬೀಳದೆ ಇಳಿಯುವುದೆಂದರೆ ಕಾರ್ಗಿಲ್ಲಿಗೆ ಮತ್ತೆ ದಾರಿ ಬಿಟ್ಟಂತೆ. ವಾದ ಮಾಡುವವರು ಮಾಡಲಿ, ಅದಕ್ಕೆ ಬೆಟದೂರಿನ ಸಮಾಧಿಯನ್ನು ಬಳಸುವುದು ಬಿಡಲಿ. ಪತ್ರಿಕೆಗಳು, ಕಾಲೇಜುಗಳು ಹಳ್ಳಿಗೆ ಬಂದು ಮಾಜಿ ಸೈನಿಕರ ಮಾತನ್ನು ಬರೆದುಕೊಳ್ಳಲಿ, ಅದೂ ಬೇಗ. 1971ರ ಯುದ್ಧಕ್ಕೆ 20ರ ಹರೆಯದಲ್ಲಿ ಹೋದವರಿಗೆ ಈಗ 70 ದಾಟಿದೆ.

— ಒಬ್ಬ ಓದುಗ, ಕುಂದಗೋಳ ತಾಲ್ಲೂಕು