ನಂದಿ ಸುತ್ತ 15 ಕಿಲೋಮೀಟರ್, ಅಮ್ಮನ ಜೊತೆ

ಎರಡು ವರ್ಷದ ಹಿಂದೆ ಆಫೀಸ್ ಕೆಲಸದ ಮೇಲೆ ಮೂರು ವಾರ ಜಪಾನಿನ ನಗೋಯಾಗೆ ಹೋಗಿದ್ದೆ. ಒಂದು ಶನಿವಾರ ಬಿಡುವು ಸಿಕ್ಕಿತು. ಟೀಮಿನವರು ಹೇಳಿದ ಹಾಗೆ ರೈಲು ಹತ್ತಿ ನಕತ್ಸುಗಾವಾದಲ್ಲಿ ಇಳಿದು, ಬಸ್ಸಲ್ಲಿ ಮಗೋಮೆ ಅನ್ನೋ ಊರಿಗೆ ಹೋದೆ. ಅಲ್ಲಿಂದ ತ್ಸುಮಾಗೋ ಅನ್ನೋ ಇನ್ನೊಂದು ಊರಿಗೆ ಸುಮಾರು 8 ಕಿ.ಮೀ. ಕಾಲುದಾರಿ ಇದೆ. ಹಿಂದೆ ಎದೋ, ಅಂದ್ರೆ ಈಗಿನ ಟೋಕಿಯೋದಿಂದ ಕ್ಯೋಟೋಗೆ ಬೆಟ್ಟಗಳ ನಡುವೆ ಹೋಗುತ್ತಿದ್ದ 'ನಕಾಸೆಂದೋ' ಹೆದ್ದಾರಿಯ ಒಂದು ತುಂಡು ಅದು. ಆ ಹೆದ್ದಾರಿಯಲ್ಲಿ 69 ತಂಗುದಾಣಗಳಿದ್ದವು. ಮಗೋಮೆ, ತ್ಸುಮಾಗೋ ಅವುಗಳಲ್ಲಿ ಎರಡು.

ನಾನೇನೂ ಟ್ರೆಕ್ಕರ್ ಅಲ್ಲ. ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲಿ ಕೂರುವ ಜಾತಿ. ಆದರೂ ಆರಾಮಾಗಿ ನಡೆದೆ. ಭತ್ತದ ಗದ್ದೆ, ಬಿದಿರು, ಮನೆಗಳ ಹಿತ್ತಲು ಎಲ್ಲ ದಾಟಿ ಹೋಗುವ ದಾರಿ. ಅಲ್ಲಲ್ಲಿ ಬೋರ್ಡು. ಕರಡಿ ಬಂದರೆ ಬಾರಿಸಲು ಗಂಟೆಗಳು. ಅರ್ಧ ದಾರಿಯಲ್ಲಿ ಒಂದು ಹಳೇ ಮರದ ಮನೆ, ಒಳಗೆ ಸ್ವಯಂಸೇವಕರು ಪುಕ್ಕಟೆ ಟೀ ಕೊಡ್ತಾರೆ. ಹೊರಗೆ ಶುಚಿಯಾದ ಶೌಚಾಲಯ. ನನ್ನ ಮುಂದೆ ಇಬ್ಬರು ಅಜ್ಜಿಯರು ಕೋಲು ಊರಿಕೊಂಡು ಹೋಗ್ತಾ ಇದ್ದರು. ಅವರನ್ನ ಹಿಂದೆ ಹಾಕೋಕೆ ನನಗೆ ಅರ್ಧ ಗಂಟೆ ಬೇಕಾಯ್ತು!

ರಾತ್ರಿ ಫ್ಯಾಮಿಲಿ ಗ್ರೂಪಿಗೆ 40 ಫೋಟೋ ಹಾಕಿದೆ. ಶಿಡ್ಲಘಟ್ಟದಿಂದ ಅಮ್ಮ ಫೋನ್ ಮಾಡಿದರು.

"ಚೆನ್ನಾಗೈತೆ ಕಣಮ್ಮಾ. ನಡೆಯೋಕೆ ಅಷ್ಟು ದೂರ ಹೋದ್ಯಾ? ನಾವು ಪ್ರತಿ ಆಷಾಢ ನಂದಿ ಸುತ್ತಲ್ವಾ?"

ಉತ್ತರ ಕೊಡೋಕೆ ಆಗಲಿಲ್ಲ. ಯಾಕಂದ್ರೆ ನಾನು ಒಂದು ಸಲವೂ ಅವರ ಜೊತೆ ಹೋಗಿರಲಿಲ್ಲ.

ನಿಮ್ಮಲ್ಲಿ ಬಹಳ ಜನಕ್ಕೆ ನಂದಿ ಅಂದರೆ ಬೆಳಗಿನ ಜಾವದ ಬೈಕ್ ರೈಡ್, ಮೋಡ, ರೀಲ್ಸ್. ನನಗೂ ಅಷ್ಟೇ ಆಗಿತ್ತು. ಆದರೆ 1,478 ಮೀಟರ್ ಎತ್ತರದ ಆ ಬೆಟ್ಟವನ್ನ ಹತ್ತದೇ, ಅದರ ಸುತ್ತ ನಡೆಯುವ ಒಂದು ಸಂಪ್ರದಾಯ ಇದೆ. ಆಷಾಢದ ಕೊನೆಯ ಸೋಮವಾರ ಗಿರಿ ಪ್ರದಕ್ಷಿಣೆ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದಿಂದ ಹೊರಟು ಕುಡುವತಿ, ಕಾರಹಳ್ಳಿ, ಹೆಗ್ಗಡಿಹಳ್ಳಿ, ಸುಲ್ತಾನಪೇಟೆ ಕಡೆಯಿಂದ ಮತ್ತೆ ನಂದಿಗೆ. ಒಟ್ಟು ಸುಮಾರು 15 ಕಿ.ಮೀ. ಬಹುಪಾಲು ಟಾರ್ ರಸ್ತೆ, ದೊಡ್ಡ ಏರು ಇಲ್ಲ. ದ್ರಾಕ್ಷಿ ತೋಟ, ಹೂವಿನ ಹೊಲ, ರೇಷ್ಮೆ ಸೊಪ್ಪಿನ ತೋಟ ಎಲ್ಲ ಪಕ್ಕದಲ್ಲೇ ಸಿಗುತ್ತವೆ. ಬಲಗಡೆ ಮಾತ್ರ ಬೆಟ್ಟ ನಿಮ್ಮನ್ನ ಬಿಡೋದೇ ಇಲ್ಲ. ಒಂದು ಕಡೆಯಿಂದ ಗೋಡೆ ಥರ, ಇನ್ನೊಂದು ಕಡೆಯಿಂದ ಮಲಗಿರುವ ಬಸವಣ್ಣನ ಥರ ಕಾಣುತ್ತೆ.

ವಾಪಸ್ ಬಂದ ಮುಂದಿನ ಆಷಾಢಕ್ಕೆ ರಜೆ ಹಾಕಿ ಅಮ್ಮನ ಜೊತೆ ಹೊರಟೆ. ನಮ್ಮದು ರೇಷ್ಮೆ ಮನೆ. ನಾಲ್ಕನೇ ಜ್ವರ ಎದ್ದ ಹುಳ ಮನೆಯಲ್ಲಿದ್ದರೆ ಅಮ್ಮ ಸ್ವಂತ ತಮ್ಮನ ಮದುವೆಗೂ ಹೋಗೋರಲ್ಲ. ಆದರೆ ಆ ಸೋಮವಾರ ಮನೆಯಲ್ಲಿ ಹುಳ ಇರದ ಹಾಗೆ ಎರಡು ತಿಂಗಳ ಮುಂಚೆಯೇ ಲೆಕ್ಕ ಹಾಕಿ ಚಾಕಿ ತರಿಸ್ತಾರೆ. ನಮ್ಮ ಪ್ರಾಜೆಕ್ಟ್ ಮ್ಯಾನೇಜರ್‌ಗೂ ಇಷ್ಟು ಪ್ಲಾನಿಂಗ್ ಬರಲ್ಲ.

ಆ ದಿನ ದಾರಿ ತುಂಬ ಜನ. ಕೂಸು ಎತ್ತಿಕೊಂಡವರು, ಬರಿಗಾಲವರು, ಭಜನೆಯವರು. ಊರೂರಿಗೂ ಮಜ್ಜಿಗೆ, ಪಾನಕ, ಚಿತ್ರಾನ್ನ. ಸುಸ್ತಾದವರು ಯಾವುದಾದರೂ ಗಾಡಿ ಹತ್ತಿ ಮುಂದಿನ ಊರಲ್ಲಿ ಇಳಿದು ಮತ್ತೆ ಸೇರ್ಕೊತಾರೆ. ಯಾರೂ ಆಡಿಕೊಳ್ಳಲ್ಲ. ಅಮ್ಮನಿಗೆ ಈಗ 58, ಮಂಡಿ ನೋವಿದೆ. ಐದು ಗಂಟೆ ಹಿಡಿಯಿತು, ಆದರೂ ಮುಗಿಸಿದರು.

ನನಗೆ ಉತ್ಸಾಹ ಬಂತು. ಜನಸಂದಣಿ ಇಲ್ಲದ ದಿನ ಇನ್ನೂ ಚೆನ್ನಾಗಿರುತ್ತೆ ಅಂತ ಡಿಸೆಂಬರ್‌ನಲ್ಲಿ ಮತ್ತೆ ಕರಕೊಂಡು ಹೋದೆ. ಬೆಳಗ್ಗೆ ಮಂಜು, ಅವರೆಕಾಯಿ ಹೊಲದ ವಾಸನೆ. ಕಾರಹಳ್ಳಿ ದಾಟುವ ತನಕ ಅಮ್ಮ ಚೆನ್ನಾಗೇ ಇದ್ದರು. ಆಮೇಲೆ ಮಾತು ಕಡಿಮೆಯಾಯಿತು. ಬಿಸಿಲು ಏರಿದ ಮೇಲೆ ತಲೆ ಸುತ್ತುತ್ತೆ ಅಂತ ಮೋರಿ ಕಟ್ಟೆ ಮೇಲೆ ಕೂತುಬಿಟ್ಟರು. ಬ್ಯಾಗಲ್ಲಿ ನಾನು ಕೊಟ್ಟಿದ್ದ ನೀರಿನ ಬಾಟಲಿ ಹಾಗೇ ತುಂಬಿತ್ತು.

"ಯಾಕಮ್ಮಾ ಕುಡಿದಿಲ್ಲ?"

"ಕುಡಿದರೆ ಹೋಗ್ಬೇಕಾಗತ್ತೆ. ಎಲ್ಲಿ ಹೋಗಲಿ?"

ಇಷ್ಟು ವರ್ಷ ಹೀಗೇನಾ ಅಂತ ಕೇಳಿದೆ. ಪ್ರತಿ ಆಷಾಢ ಹಿಂದಿನ ರಾತ್ರಿಯಿಂದಲೇ ನೀರು ಕಡಿಮೆ ಮಾಡ್ತಾರಂತೆ. ಮಜ್ಜಿಗೆ ಲೋಟ ಪ್ರಸಾದ ಅಂತ ತಗೊಂಡು ಎರಡು ಗುಟುಕು ಕುಡಿದು ಪಕ್ಕದವರಿಗೆ ಕೊಡ್ತಾರಂತೆ. ಅವರ ಜೊತೆ ಬರುವ ಹೆಂಗಸರೆಲ್ಲ ಹಾಗೇ. ನನ್ನ ಅಮ್ಮ ಗಟ್ಟಿಗಿತ್ತಿ ಅಂತ ಹೆಮ್ಮೆಪಟ್ಟುಕೊಂಡಿದ್ದೆ. ಅವರು ಬಾಯಾರಿಕೊಂಡು ನಡೆಯುತ್ತಿದ್ದರು ಅನ್ನೋದು ಗೊತ್ತೇ ಇರಲಿಲ್ಲ.

ಹೂವಿನ ಹೊಲದಲ್ಲಿ ಸೇವಂತಿಗೆ ಬಿಡಿಸುತ್ತಿದ್ದ ಒಬ್ಬರು ನಮ್ಮನ್ನ ನೋಡಿ, ಏನೂ ಕೇಳದೆ, "ಬನ್ರಮ್ಮಾ ಮನೇಗೆ" ಅಂದರು. ಬಚ್ಚಲು ತೋರಿಸಿದರು, ಬೆಲ್ಲ ನೀರು ಕೊಟ್ಟರು. ಅಮ್ಮ ಮೂರು ಲೋಟ ಕುಡಿದರು. ಅವತ್ತು ಆಟೋದಲ್ಲಿ ನಂದಿಗೆ ವಾಪಸ್ ಬಂದೆವು.

ಆಮೇಲೆ ಮಗೋಮೆ ದಾರಿ ಬೇರೆ ಥರ ನೆನಪಾಯಿತು. ಅಲ್ಲಿನ ಕಣಿವೆ ದಾರಿ ಸುಮಾರು 800 ಮೀಟರ್ ಎತ್ತರಕ್ಕೆ ಏರುತ್ತೆ, ನಮ್ಮ ಪ್ರದಕ್ಷಿಣೆಗಿಂತ ಕಷ್ಟದ್ದೇ. ಆದರೂ ಆ ಅಜ್ಜಿಯರು ನಿಶ್ಚಿಂತೆಯಾಗಿ ಬಂದಿದ್ದರು, ಅರ್ಧ ದಾರಿಯಲ್ಲಿ ಏನಿದೆ ಅಂತ ಅವರಿಗೆ ಗೊತ್ತಿತ್ತು. 'ಎಲ್ಲ ವಯಸ್ಸಿನವರಿಗೂ ಸೂಕ್ತ' ಅಂತ ಬರೆಯುವಾಗ ನಾವು ಏರು, ದೂರ ಅಷ್ಟೇ ನೋಡ್ತೀವಿ. ನನ್ನ ಅಮ್ಮನನ್ನ ನಿಲ್ಲಿಸಿದ್ದು ಏರೂ ಅಲ್ಲ, ಮಂಡಿಯೂ ಅಲ್ಲ. ತ್ಸುಮಾಗೋ ಕೂಡ ತಾನಾಗೇ ಉಳಿದಿದ್ದಲ್ಲ. ರೈಲು ಬಂದ ಮೇಲೆ ಆ ಊರು ಖಾಲಿಯಾಗುತ್ತಾ ಬಂದಿತ್ತು. 1960ರ ದಶಕದ ಕೊನೆಯಿಂದ ಊರಿನವರೇ ಸೇರಿ, ಮನೆಗಳನ್ನ ಮಾರಲ್ಲ, ಬಾಡಿಗೆಗೆ ಕೊಡಲ್ಲ, ಕೆಡವಲ್ಲ ಅಂತ ಒಪ್ಪಂದ ಮಾಡಿಕೊಂಡು ಉಳಿಸಿದರು.

ನಮ್ಮಲ್ಲಿ ಜನರ ಮನಸ್ಸಿಗೆ ಕೊರತೆ ಇಲ್ಲ. ಆಷಾಢದ ಆ ಒಂದು ದಿನ ಇಡೀ ದಾರಿ ಊಟ ಹಾಕುತ್ತೆ. ದಾರಿಯುದ್ದಕ್ಕೂ ವರ್ಷವಿಡೀ ತೆರೆದಿರುವ ಎರಡು ಶೌಚಾಲಯ, ನಾಲ್ಕು ಕಡೆ ಕುಡಿಯುವ ನೀರು, ತಿರುವುಗಳಲ್ಲಿ ಬೋರ್ಡು ಇದ್ದರೆ ಉಳಿದ 364 ದಿನವೂ ಅಮ್ಮಂದಿರು ನಡೀಬಹುದು. ದಾರಿ ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಎರಡೂ ಜಿಲ್ಲೆಗಳಲ್ಲಿ ಹಾದುಹೋಗುತ್ತೆ. ಹಾಗಾಗಿ ಎರಡೂ ಕಡೆ ಕೇಳಬೇಕು. ನಮ್ಮ ಕಡೆಯ ಪಂಚಾಯಿತಿಗೆ ನಾನು ಅರ್ಜಿ ಬರೆದು ಕೊಟ್ಟಿದ್ದೀನಿ. ಬಾಡಿಗೆ ಕೊಟ್ಟು ಶೌಚಾಲಯ ಬಳಸಲು ಒಪ್ಪುವ ಮನೆಗಳ ಪಟ್ಟಿಯನ್ನೂ ಅಮ್ಮ ಮಾಡ್ತಾ ಇದ್ದಾರೆ. ಇಲ್ಲಿಯವರೆಗೆ ಮೂರು ಮನೆ.

ನೀವು ಹೊರಡೋದಾದರೆ:

ಮೊದಲ ಸಲದವರು, ಮಕ್ಕಳು, ಹಿರಿಯರು: ಬೆಂಗಳೂರಿನಿಂದ ಚಿಕ್ಕಬಳ್ಳಾಪುರ ರೈಲು ಹತ್ತಿ ನಂದಿ ಹಾಲ್ಟ್‌ನಲ್ಲಿ ಇಳಿಯಿರಿ. ಅಲ್ಲಿಂದ ದೇವಸ್ಥಾನಕ್ಕೆ ನಿಧಾನದ ನಡಿಗೆ. ಒಳಗಿನ ಕಲ್ಯಾಣಿ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು ವಾಪಸ್ಸಾದರೂ ದಿನ ಸಾರ್ಥಕ. ಇಂಜಿನಿಯರ್‌ಗಳಾದರೆ ಮುದ್ದೇನಹಳ್ಳಿಗೂ ಹೋಗಿ, ವಿಶ್ವೇಶ್ವರಯ್ಯನವರ ಮನೆ ನೋಡಿ ಬನ್ನಿ.

ಸ್ವಲ್ಪ ಅಭ್ಯಾಸ ಇದ್ದವರು: ಸುಲ್ತಾನಪೇಟೆಯಿಂದ ಬೆಟ್ಟಕ್ಕೆ ಹಳೇ ಕಲ್ಲಿನ ಮೆಟ್ಟಿಲು. ಸಾವಿರಕ್ಕೂ ಹೆಚ್ಚಿವೆ. ಇಳಿಯುವಾಗ ಮಂಡಿ ಜೋಪಾನ, ಮಳೆಗಾಲದಲ್ಲಿ ಜಾರುತ್ತೆ.

ಗಟ್ಟಿಗರು: ಸ್ಕಂದಗಿರಿ. ಸುಮಾರು 1,450 ಮೀಟರ್. ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಬೇಕು.

ಪೂರ್ತಿ ಪ್ರದಕ್ಷಿಣೆ ಮಾಡುವವರು ಆರು ಗಂಟೆಗೆ ಮುಂಚೆ ಹೊರಡಿ, ಟೋಪಿ ಇರಲಿ. ಗಾಡಿಗಳು ಜೋರಾಗಿ ಬರುತ್ತವೆ, ಅಂಚಲ್ಲೇ ನಡೆಯಿರಿ. ಜೊತೆಗೆ ಹೆಂಗಸರು ಬರ್ತಿದ್ದರೆ ನೀರು ಕುಡಿದ್ರಾ ಅಂತ ಕೇಳಿ. ಕುಡಿದಿಲ್ಲ ಅಂದರೆ ಯಾಕೆ ಅಂತಲೂ ಕೇಳಿ.

ನಿನ್ನೆ ಅಮ್ಮ ಫೋನ್ ಮಾಡಿದ್ದರು. ಈ ಸಲದ ಚಾಕಿ ಲೆಕ್ಕ ಹಾಕಿ ಆಯ್ತಂತೆ. "ರಜಾ ಈಗಲೇ ಹೇಳಿಡು, ಆಮೇಲೆ ಮೀಟಿಂಗು ಅನ್ಬೇಡ" ಅಂದರು. ಹಾಕಿದ್ದೀನಿ.