ರಸ್ಸಾನೋ, ತರ್ರಿಯೋ?

ನಾಸಿಕ್‌ನ ಮಿಸಳ್ ಅಂಗಡಿಯಲ್ಲಿ ‘ಇನ್ನಷ್ಟು ಗ್ರೇವಿ ಹಾಕಿ’ ಎಂದರೆ ಬಡಿಸುವವನು ಕೇಳಬೇಕಾಗುತ್ತದೆ: ರಸ್ಸಾನೋ, ತರ್ರಿಯೋ? ಸುಟ್ಟ ಈರುಳ್ಳಿ, ಒಣಕೊಬ್ಬರಿ ಅರೆದು, ಕಪ್ಪಗೆ ಹುರಿದ ಮಸಾಲೆ ಬೆರೆಸಿ ಕುದಿಸಿದ ತೆಳ್ಳನೆಯ ಸಾರು ರಸ್ಸಾ. ಅದರ ಮೇಲೆ ತೇಲುವ ಕೆಂಪು ಎಣ್ಣೆ ತರ್ರಿ. ಒಂದು ಹೊಟ್ಟೆ ತುಂಬಿಸುತ್ತದೆ, ಇನ್ನೊಂದು ಕಿವಿ ಬಿಸಿ ಮಾಡುತ್ತದೆ. ತಟ್ಟೆಯಲ್ಲಿರುವುದು ಒಂದು ಹಿಡಿ ಮೊಳಕೆ ಬಂದ ಮಡಕೆಕಾಳು, ಒಂದಿಷ್ಟು ಫರಸಾಣ, ಎರಡು ಪಾವು. ದುಡಿಯಲು ಹೊರಟವರಿಗೆ ಅಷ್ಟೇ ಸಾಲುವುದು ಮತ್ತೆ ಮತ್ತೆ ಸುರಿಸಿಕೊಳ್ಳುವ ರಸ್ಸಾದಿಂದ. ಈರುಳ್ಳಿಯ ದೊಡ್ಡ ಮಾರುಕಟ್ಟೆ ಲಾಸಲ್‌ಗಾಂವ್ ಇದೇ ಜಿಲ್ಲೆಯಲ್ಲಿದೆ. ಅಲ್ಲಿ ಬೆಲೆ ಏರಿದರೆ ಇಲ್ಲಿ ರಸ್ಸಾಕ್ಕೆ ತೆಳ್ಳಗಾಗುವ ಭಯ.

ಅಲ್ಲಿಂದ ಸುಮಾರು 200 ಕಿಲೋಮೀಟರ್ ದೂರದ ಛತ್ರಪತಿ ಸಂಭಾಜಿನಗರದ ಹಳೇ ಗಲ್ಲಿಗಳಲ್ಲೂ ‘ಗ್ರೇವಿ’ ಸೋಲುತ್ತದೆ. ಅಲ್ಲಿನ ಹೆಮ್ಮೆ ನಾನ್ ಖಲಿಯಾ: ತಂದೂರಿನ ಮೆತ್ತನೆಯ ನಾನ್, ಜೊತೆಗೆ ಮಾಂಸದ ಖಲಿಯಾ. 1327ರಲ್ಲಿ ಮಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಒಯ್ದಾಗ ಸೈನ್ಯದ ಜೊತೆ ಬಂದ ಅಡುಗೆ ಎಂದು ಊರು ನಂಬುತ್ತದೆ. ಕಾರ್ನಾಡರ ನಾಟಕದಿಂದ ಕನ್ನಡಿಗರಿಗೆ ಆ ಪಯಣ ಗೊತ್ತು, ಅದರ ಊಟ ಗೊತ್ತಿಲ್ಲ. (ಮೆಣಸಿನಕಾಯಿ ನಮ್ಮಲ್ಲಿಗೆ ಬಂದದ್ದೇ ಪೋರ್ಚುಗೀಸರ ಹಡಗುಗಳಲ್ಲಿ. ಇಂದಿನ ಆ ಕೆಂಪನ್ನು ತುಘಲಕನ ಸೈನಿಕ ಕಂಡಿರಲಾರ.) ‘ಖಲಿಯಾ’ದ ಅರಬ್ಬಿ ಮೂಲಕ್ಕೆ ಹುರಿಯುವುದು ಎಂಬ ಅರ್ಥವಿದೆ: ಮೊದಲು ಹುರಿ, ನೀರು ಆಮೇಲೆ. ನಮ್ಮ ಬಸ್ಸಾರೂ ಹಾಗೆಯೇ. ಬೇಳೆ, ಸೊಪ್ಪು ಬೇಯಿಸಿ ಕಟ್ಟು ಬಸಿದುಕೊಳ್ಳಬೇಕು ಎಂಬುದನ್ನು ಹೆಸರೇ ಹೇಳಿಬಿಡುತ್ತದೆ.

‘ಗ್ರೇವಿ’ ಇಂಥದ್ದೇನನ್ನೂ ಹೇಳುವುದಿಲ್ಲ. ಹಳೆಯ ಫ್ರೆಂಚಿನ ‘ಗ್ರಾನೆ’ಯನ್ನು ಯಾರೋ ‘ಗ್ರಾವೆ’ ಎಂದು ತಪ್ಪಾಗಿ ಓದಿದ್ದರಿಂದ ಹುಟ್ಟಿದ ಪದ ಇದು ಎಂಬುದು ನಿಘಂಟುಕಾರರ ಊಹೆ. ಹುಟ್ಟೇ ಕಣ್ತಪ್ಪಿನಿಂದ! ಹೋಟೆಲಿಗೆ ಮಾತ್ರ ಅದು ಅನುಕೂಲದ ಪದ. ಬೆಳಿಗ್ಗೆಯೇ ಈರುಳ್ಳಿ-ಟೊಮೆಟೊದ ಕೆಂಪು ಗ್ರೇವಿ, ಗೋಡಂಬಿಯ ಬಿಳಿ ಗ್ರೇವಿ ಮಾಡಿಟ್ಟರೆ ರಾತ್ರಿವರೆಗೆ ಅದೇ ಪಾತ್ರೆಯಿಂದ ಪನೀರಿಗೂ ಅಣಬೆಗೂ ಕೋಳಿಗೂ ಬಡಿಯಬಹುದು. ಹತ್ತು ನಿಮಿಷದಲ್ಲಿ ನಲವತ್ತು ಬಗೆ ಕೊಡಬೇಕಾದ ಅಡುಗೆಮನೆಯನ್ನು ಅದಕ್ಕಾಗಿ ಬೈಯಬೇಕಿಲ್ಲ. ತೊಂದರೆ ಶುರುವಾಗುವುದು ಆ ಪದ ಮನೆಯೊಳಗೆ ಬಂದಾಗ. ಎಣ್ಣೆಗಾಯಿ ‘ಬದನೆಕಾಯಿ ಗ್ರೇವಿ’ ಆಗುತ್ತದೆ, ಗಸಿ ‘ಚಿಕನ್ ಗ್ರೇವಿ’ ಆಗುತ್ತದೆ. ವಿಡಿಯೊ ನೋಡಿ ಅಡುಗೆ ಕಲಿಯುವ ಹುಡುಗ ‘ಗ್ರೇವಿಗೆ ನೀರೆಷ್ಟು?’ ಎಂದು ಕೇಳಿದರೆ ಉತ್ತರವಿಲ್ಲ. ರಸ್ಸಾಕ್ಕೆ ಒಂದು ಉತ್ತರ, ಗಸಿಗೆ ಇನ್ನೊಂದು, ಎಣ್ಣೆಗಾಯಿಗೆ ಮತ್ತೊಂದು.

ಹೊರಗಿನವರಿಗೆ ಅರ್ಥವಾಗಲೆಂದು ಗ್ರೇವಿ ಎನ್ನುತ್ತೇವೆ ಎಂಬ ಸಮಜಾಯಿಷಿ ಮೆನು ಬರೆಯುವವರದು. ಆದರೆ ಮಿಸಳ್ ಪಕ್ಕ ‘ಸ್ಪೈಸಿ ಗ್ರೇವಿ’ ಎಂದಷ್ಟೇ ಬರೆದರೆ ಆ ಹೊರಗಿನವನಿಗೆ ಸಿಕ್ಕಿದ್ದೇನು? ‘ರಸ್ಸಾ, ತರ್ರಿ ಬೇರೆ’ ಎಂದು ಬರೆಯಲಿ. ಅರ್ಥವಾಗದಿದ್ದರೆ ಕೇಳುತ್ತಾನೆ. ಖಾರ ತಡೆಯದವನಾದರೆ ತರ್ರಿ ಬೇಡ ಎನ್ನುತ್ತಾನೆ.